ಹಂಪಿ ಬಜಾರಿನಲ್ಲಿ ಇಳಿದುಕೊಂಡವರು



ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಹೊಸಪೇಟೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದೆ. ಡಿಸೆಂಬರ್ ತಿಂಗಳ ಒಂದು ಮುಂಜಾನೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಮಾತಂಗ ಪರ್ವತವನ್ನು ಹತ್ತಿದ್ದೆ. ನಿಮ್ಮಲ್ಲಿ ಕೆಲವರು ಆ ದಿನ ನನ್ನೊಡನೆ ಇದ್ದಿರಿ. ಕೆಳಗೆ ಹಂಪಿ ಬಜಾರು ನೇರವಾಗಿ ಗೆರೆ ಎಳೆದಂತೆ ಮಲಗಿತ್ತು. ಅದರ ಒಂದು ತುದಿಯಲ್ಲಿ ವಿರೂಪಾಕ್ಷನ ಬಿಷ್ಟಪ್ಪಯ್ಯ ಗೋಪುರ, ಇನ್ನೊಂದು ತುದಿಯಲ್ಲಿ ನಮ್ಮ ಕಾಲಡಿಯಲ್ಲಿಯೇ ಎದುರು ಬಸವಣ್ಣ. ಸುತ್ತಲೂ ಕಣ್ಣು ಹಾಯಿಸಿದಷ್ಟು ದೂರ ಬಂಡೆ, ಬಂಡೆಯ ಮೇಲೆ ಬಂಡೆ.

ಒಬ್ಬ ಹುಡುಗಿ ಕೇಳಿದಳು: "ಸರ್, ಇಲ್ಲಿ ಬರೀ ಕಲ್ಲೇ ಇದೆ. ಅಷ್ಟು ದೂರದ ದೇಶದವರು ಕಷ್ಟಪಟ್ಟು ಇಲ್ಲಿಗೇ ಏಕೆ ಬರುತ್ತಿದ್ದರು?"

ನಾನು ಪಠ್ಯಪುಸ್ತಕದ ಉತ್ತರವನ್ನೇ ಕೊಟ್ಟೆ. ವಿಜಯನಗರದ ವೈಭವವನ್ನು ನೋಡಲು ಅಬ್ದುಲ್ ರಜಾಕ್, ಡೊಮಿಂಗೊ ಪಾಯೆಸ್ ಮೊದಲಾದ ವಿದೇಶೀ ಪ್ರವಾಸಿಗರು ಬಂದರು ಎಂದೆ. ಅಷ್ಟರಲ್ಲಿ ಹಿಂದಿನಿಂದ ಬಜಾರಿನ ಹುಡುಗನೊಬ್ಬ ಕೈಯೆತ್ತಿ, "ಈಗಲೂ ಬರುತ್ತಾರೆ ಸರ್. ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ" ಎಂದ. ಎಲ್ಲರೂ ನಕ್ಕರು. ನಾನು ಗದರಿದೆ: "ಅದು ಇತಿಹಾಸವಲ್ಲ, ಕುಳಿತುಕೊ."

ಆ ಮಾತು ತಪ್ಪೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಬರಹ.

ಮೊದಲು ನಮ್ಮ ಬೆಟ್ಟಗಳ ಬಗ್ಗೆ ಒಂದೆರಡು ಮಾತು. ಹೊಸಬರು ಹಂಪಿಯನ್ನು ಕಂಡಾಗ ಯಾರೋ ಬಂಡೆಗಳನ್ನು ತಂದು ಸುರಿದಿದ್ದಾರೆ ಎಂದೇ ಭಾವಿಸುತ್ತಾರೆ. ನಮ್ಮ ಹಿರಿಯರು ಇದು ಕಿಷ್ಕಿಂಧೆ, ವಾಲಿ ಸುಗ್ರೀವರು ಕಾದಾಡುವಾಗ ಎಸೆದ ಕಲ್ಲುಗಳು ಇವು ಎನ್ನುತ್ತಿದ್ದರು. ಭೂವಿಜ್ಞಾನಿಗಳ ಪ್ರಕಾರ ಇವನ್ನು ಯಾರೂ ಎಸೆದಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟ್ ಶಿಲೆ ಇದ್ದಲ್ಲಿಯೇ ಬಿರಿಯಿತು. ಬಿರುಕಿನಲ್ಲಿ ನೀರಿಳಿದು ಅಂಚುಗಳು ಸವೆದು ಉರುಟಾದವು. ನಡುವಿನ ಮಣ್ಣು ಕೊಚ್ಚಿಹೋಗಿ ಗುಂಡುಗಳು ಒಂದರ ಮೇಲೊಂದು ಉಳಿದುಕೊಂಡವು. ಹೀಗೆ ಬರಡಾಗಿ ತೋರುವ ಈ ನೆಲದ ನಡುವೆಯೇ ವಿಜಯನಗರದ ಕಾಲದ ತುರ್ತಾ ಕಾಲುವೆ ಇಂದಿಗೂ ಹರಿಯುತ್ತಿದೆ. ಅದರ ಎರಡೂ ಬದಿಗೆ ಬಾಳೆ, ಕಬ್ಬು, ಭತ್ತ. ದೂರದಿಂದ ನೋಡಿದವನಿಗೆ ಕಲ್ಲುಗಾಡು, ಇಳಿದು ನಡೆದವನಿಗೆ ತೋಟ. ಈ ನಾಡನ್ನು ಜನ ತಪ್ಪಾಗಿ ತಿಳಿಯುವುದು ಇಲ್ಲಿಂದಲೇ ಆರಂಭವಾಗುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಬಂದವರು ಯಾರು, ಹೇಗೆ ಬಂದರು, ಏಕೆ ಬಂದರು?

ಅಬ್ದುಲ್ ರಜಾಕ್ ಹುಟ್ಟಿದ್ದು 1413ರಲ್ಲಿ, ಇಂದಿನ ಆಫ್ಘಾನಿಸ್ತಾನದ ಹೆರಾತ್ ನಗರದಲ್ಲಿ. ತೈಮೂರನ ಮಗ ಶಾರುಖ್ ಸುಲ್ತಾನನು ಅವನನ್ನು ತನ್ನ ರಾಯಭಾರಿಯನ್ನಾಗಿ ಕಳುಹಿಸಿದ್ದು ವಿಜಯನಗರಕ್ಕಲ್ಲ, ಕಲ್ಲಿಕೋಟೆಗೆ. 1442ರ ಜನವರಿಯಲ್ಲಿ ಹೊರಟಾಗ ಅವನಿಗೆ ಇಪ್ಪತ್ತೊಂಬತ್ತು ವರ್ಷವೂ ತುಂಬಿರಲಿಲ್ಲವೇನೊ. ಪ್ರವಾಸದ ಹುಚ್ಚಿನಿಂದ ಹೊರಟವನೂ ಅವನಲ್ಲ. ಒಡೆಯನ ಆಜ್ಞೆಗೆ ತಲೆಬಾಗಿ ಹೊರಟವನು. ಮರುಭೂಮಿಯನ್ನು ದಾಟಿ ಹೊರ್ಮುಜ್ ಬಂದರನ್ನು ಸೇರುವ ಹೊತ್ತಿಗೆ ಮಾರುತಗಳ ಅನುಕೂಲ ತಪ್ಪಿತ್ತು. ಹಡಗು ಅರಬ್ಬೀ ತೀರದ ಮಸ್ಕತ್ತಿನಲ್ಲಿ ನಿಂತುಬಿಟ್ಟಿತು. ಅಲ್ಲಿಯ ಬೇಸಗೆಯಲ್ಲಿ ಅವನೂ ಅವನ ಜತೆಗಾರರೂ ಜ್ವರದಿಂದ ಮಲಗಿದರು. ಜತೆಗೆ ಬಂದಿದ್ದ ಅಣ್ಣ ಆ ತೀರದಲ್ಲಿಯೇ ತೀರಿಕೊಂಡ. ಅಣ್ಣನನ್ನು ಮಣ್ಣು ಮಾಡಿ ಮತ್ತೆ ಹಡಗು ಹತ್ತಿದವನು ಹದಿನೆಂಟು ಹಗಲು ರಾತ್ರಿಗಳ ಬಳಿಕ ಕಲ್ಲಿಕೋಟೆಯಲ್ಲಿ ಇಳಿದ.

ಕಲ್ಲಿಕೋಟೆಯಲ್ಲಿ ಅವನಿಗೆ ನಿರಾಶೆಯೇ ಕಾದಿತ್ತು. ಸಾಮೂದಿರಿಯ ಆಸ್ಥಾನದಲ್ಲಿ ನಿರೀಕ್ಷಿಸಿದ ಮರ್ಯಾದೆ ದೊರೆಯಲಿಲ್ಲ. ಐದಾರು ತಿಂಗಳು ಬೇಸರದಲ್ಲಿ ಕಳೆಯುತ್ತಿರುವಾಗ ವಿಜಯನಗರದ ಇಮ್ಮಡಿ ದೇವರಾಯನಿಂದ ಕರೆ ಬಂದಿತು. 1443ರ ಏಪ್ರಿಲ್‌ನಲ್ಲಿ ಸಮುದ್ರ ಮಾರ್ಗವಾಗಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ. ನಡುವೆ ಬೇಲೂರಿನ ಗುಡಿಯನ್ನು ಕಂಡು ಬೆರಗಾದ. ಆ ತಿಂಗಳ ಕೊನೆಯಲ್ಲಿ ನಮ್ಮ ಕಲ್ಲುಬೆಟ್ಟಗಳ ನಡುವೆ ಬಂದು ನಿಂತ.

ಅವನು ಇಲ್ಲಿ ಕಂಡದ್ದನ್ನು ನಾವು ತರಗತಿಯಲ್ಲಿ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದ್ದೇವೆ: ಏಳು ಸುತ್ತಿನ ಕೋಟೆ, ಬಹಿರಂಗವಾಗಿ ಮಾರುವ ಮುತ್ತು ರತ್ನಗಳು, ಎಲ್ಲೆಲ್ಲೂ ಗುಲಾಬಿ ಹೂವಿನ ಅಂಗಡಿಗಳು. ಅವನ ಬರಹವನ್ನು ಸಾವಕಾಶವಾಗಿ ಓದಿದಾಗ ಬೇರೆ ಸಂಗತಿಗಳು ಕಾಣುತ್ತವೆ. ಕೋಟೆಯ ಹೊರಗೆ ಆಳೆತ್ತರದ ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದನ್ನು ಅವನು ಗಮನಿಸಿದ. ಕುದುರೆ ಸವಾರರು ಒಮ್ಮೆಲೇ ನುಗ್ಗದಂತೆ ಮಾಡಿದ ಉಪಾಯ ಅದು. ನಮ್ಮವರು ಅದನ್ನು ಕುದುರೆಕಲ್ಲು ಎನ್ನುತ್ತಾರೆ. ಮೊದಲನೆಯ ಕೋಟೆಯಿಂದ ಮೂರನೆಯ ಕೋಟೆಯವರೆಗೆ ಹೊಲ, ತೋಟ, ಮನೆಗಳು. ಅಲ್ಲಿಂದ ಒಳಕ್ಕೆ ಕಿಕ್ಕಿರಿದ ಅಂಗಡಿ ಬೀದಿಗಳು ಎಂದು ಬರೆದ. ಆದರೆ ಅವನು ಹೇಳುವ ಏಳು ವೃತ್ತಗಳು ಇಂದಿನ ನಕ್ಷೆಗಳಲ್ಲಿ ಹಾಗೆಯೇ ಸಿಕ್ಕುವುದಿಲ್ಲ. ಇಲ್ಲಿಯ ಗೋಡೆಗಳು ಬೆಟ್ಟದ ಏಣು ಹಿಡಿದು ಏರುತ್ತವೆ, ಬಂಡೆ ಸಿಕ್ಕಿದಲ್ಲಿ ಬಂಡೆಯನ್ನೇ ಗೋಡೆಯಾಗಿ ಮಾಡಿಕೊಂಡು ಮುಂದೆ ಸಾಗುತ್ತವೆ. ಬಯಲಿನ ಹೆರಾತಿನಿಂದ ಬಂದವನು ಬೆಟ್ಟದ ಕೋಟೆಯನ್ನೂ ತನ್ನೂರಿನ ಕೋಟೆಯ ಲೆಕ್ಕದಲ್ಲಿ ಓದಿದನೆಂದು ನನಗೆ ತೋರುತ್ತದೆ. ಸಜ್ಜನನೂ ಹೊಸ ನಾಡನ್ನು ಹೀಗೆ ತಪ್ಪಾಗಿ ಓದಬಲ್ಲ.

ಅವನನ್ನೂ ಇಲ್ಲಿಯವರು ತಪ್ಪಾಗಿ ತಿಳಿದರು. ಮೊದಲು ಅವನಿಗೆ ದಿನವೂ ಎರಡು ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಸಲ್ಲುತ್ತಿತ್ತು. ವಾರಕ್ಕೆ ಎರಡು ಬಾರಿ ಅರಸನ ಭೇಟಿ, ಪ್ರತಿ ಸಲವೂ ವೀಳ್ಯ. ಹೊರ್ಮುಜಿನ ಕೆಲವರು ಅಸೂಯೆಯಿಂದ, ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು. ಮರ್ಯಾದೆ ಇಳಿಯಿತು. ಹೆರಾತಿಗೆ ಕಾಗದ ಬರೆದು ಕೇಳಿ ನಿಜ ತಿಳಿಯೋಣವೆಂದರೆ ವರ್ಷಗಟ್ಟಲೆ ದಾರಿ! ಆದರೂ ಅವನು ಹಗೆಯಿಂದ ಬರೆಯಲಿಲ್ಲ. ಆ ವರ್ಷದ ಮಹಾನವಮಿಯನ್ನು ಕಣ್ಣಾರೆ ಕಂಡು ಅಕ್ಕರೆಯಿಂದ ವರ್ಣಿಸಿದ. 1443ರ ಕೊನೆಯಲ್ಲಿ ಇಲ್ಲಿಂದ ಹೊರಟು, 1444ರ ಜನವರಿಯಲ್ಲಿ ಹೊನ್ನಾವರದಲ್ಲಿ ಹಡಗು ಹತ್ತಿ ಬಿರುಗಾಳಿಗಳ ನಡುವೆ ಊರು ಸೇರಿದ.

ಎರಡನೆಯವನು ಡೊಮಿಂಗೊ ಪಾಯೆಸ್. ಪೋರ್ಚುಗೀಸನಾದ ಇವನು ಸುಮಾರು 1520ರಲ್ಲಿ, ಶ್ರೀಕೃಷ್ಣದೇವರಾಯನ ಕಾಲದಲ್ಲಿ, ಗೋವೆಯ ಕಡೆಯಿಂದ ಬಂದವನು. ಅಂದಿನ ಪೋರ್ಚುಗೀಸರಿಗೆ ಈ ಊರಿನಲ್ಲಿದ್ದ ದೊಡ್ಡ ಆಸಕ್ತಿ ಕುದುರೆಯ ವ್ಯಾಪಾರ. ನನ್ನ ಆ ವಿದ್ಯಾರ್ಥಿನಿಗೆ ನಾನು ಹೇಳದೆ ಬಿಟ್ಟ ಉತ್ತರ ಇದೇ: ಬಂದವರಲ್ಲಿ ಬಹುಮಂದಿ ವೈಭವ ನೋಡಲು ಬಂದವರಲ್ಲ. ಒಬ್ಬನನ್ನು ಒಡೆಯ ಕಳುಹಿಸಿದ, ಮತ್ತೊಬ್ಬನನ್ನು ವ್ಯಾಪಾರ ಎಳೆತಂದಿತು. ವೈಭವ ಕಣ್ಣಿಗೆ ಬಿದ್ದದ್ದು ಬಂದ ಮೇಲೆ.

ಪಾಯೆಸ್ ಕಣ್ಣು ಬಿಟ್ಟು ನಡೆದ ಮನುಷ್ಯ. ನಮ್ಮ ಬೆಟ್ಟಗಳಷ್ಟು ವಿಚಿತ್ರವಾದ ಬೆಟ್ಟಗಳನ್ನು ತಾನು ಕಂಡಿಲ್ಲವೆಂಬ ಅಭಿಪ್ರಾಯ ಅವನದು. ಬಂಡೆಗಳು ಒಂದಕ್ಕೊಂದು ತಾಗದೆ ಗಾಳಿಯಲ್ಲಿ ನಿಂತಂತೆ ಅವನಿಗೆ ತೋರಿದವು. ನಗರದ ವಿಸ್ತಾರವನ್ನು ಅಳೆಯಲು ಅವನೂ ನಮ್ಮಂತೆ ಒಂದು ಬೆಟ್ಟವನ್ನೇರಿದ. ಅಲ್ಲಿಂದಲೂ ನಗರ ಪೂರ್ತಿಯಾಗಿ ಕಾಣಲಿಲ್ಲ, ಬೆಟ್ಟಗಳ ಸಾಲು ಅಡ್ಡ ಬಂದಿತು. ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದಾಗಿ ತೋರಿತು ಎಂದು ಬರೆದ. ಕಾಣದಿದ್ದುದನ್ನು ಕಾಣಲಿಲ್ಲವೆಂದು ಒಪ್ಪಿಕೊಂಡ ಈ ಪ್ರಾಮಾಣಿಕತೆಗಾಗಿ ಅವನು ನನಗೆ ಬಹಳ ಪ್ರಿಯ. ಆನೆಗೊಂದಿಗೆ ಹೊಳೆ ದಾಟುವ ಹರಿಗೋಲನ್ನೂ ಅವನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದರೆ ಗಿರಗಿರನೆ ತಿರುಗುತ್ತಲೇ ಸಾಗುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದೇ ಪಾಯೆಸ್ ವಿರೂಪಾಕ್ಷ ದೇವಾಲಯದ ಪೂರ್ವದ ಬಾಗಿಲ ಮುಂದಿನ ಬೀದಿಯನ್ನೂ ವರ್ಣಿಸಿದ್ದಾನೆ. ಅದೇ ನಮ್ಮ ಹಂಪಿ ಬಜಾರು. ಅಲ್ಲಿ ಮೊಗಸಾಲೆಗಳೂ ಮಹಡಿಯ ಮುಂಚಾಚುಗಳೂ ಇರುವ ಚೆಲುವಾದ ಮನೆಗಳಿದ್ದವಂತೆ. ಯಾತ್ರೆಗೆ ಬಂದವರು ಆ ಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದರಂತೆ. ದೊಡ್ಡ ಮನೆತನದವರಿಗೂ ಅಲ್ಲಿ ತಂಗುವ ಮನೆಗಳಿದ್ದವು, ಅರಸನಿಗೂ ಅದೇ ಬೀದಿಯಲ್ಲಿ ಒಂದು ಅರಮನೆ ಇತ್ತು. ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿದ್ದಾಗ ಈ ಭಾಗವನ್ನು ಮೊದಲ ಬಾರಿಗೆ ನಿಧಾನವಾಗಿ ಓದಿದೆ. ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆ. "ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ" ಎಂದ ಹುಡುಗನ ಮಾತು ಐನೂರು ವರ್ಷ ಹಿಂದಿನ ಸಾಕ್ಷಿಯ ಮಾತೇ ಆಗಿತ್ತು! ಅದನ್ನು ಇತಿಹಾಸವಲ್ಲ ಎಂದವನು ಇತಿಹಾಸದ ಮೇಷ್ಟ್ರು.

ಮೂರನೆಯವನು ವೆನಿಸ್ ನಗರದ ವರ್ತಕ ಸೀಸರ್ ಫ್ರೆಡರಿಕ್. 1565ರ ಜನವರಿ 23ರಂದು ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ಅಳಿಯ ರಾಮರಾಯ ಮಡಿದ. ನಗರವನ್ನು ಸೂರೆ ಮಾಡಲಾಯಿತು. ನಮ್ಮ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎರಡು ವರ್ಷಗಳ ತರುವಾಯ, 1567ರಲ್ಲಿ, ಫ್ರೆಡರಿಕ್ ಇಲ್ಲಿಗೆ ಬಂದ. ಅವನ ಜತೆಗೆ ಗೋವೆಯಿಂದ ಮುನ್ನೂರು ಅರಬ್ಬೀ ಕುದುರೆಗಳನ್ನು ಹೊಡೆದುಕೊಂಡು ಬಂದ ಇಬ್ಬರು ವರ್ತಕರಿದ್ದರು. ಹಾಳಾದ ಊರಿಗೆ ಯಾರಾದರೂ ಕುದುರೆ ಮಾರಲು ಬರುತ್ತಾರೆಯೆ? ರಾಮರಾಯನ ತಮ್ಮ ತಿರುಮಲ ಮರಳಿ ಬಂದು ನಗರವನ್ನು ಎಬ್ಬಿಸಲು ಯತ್ನಿಸುತ್ತಿದ್ದ ಕಾಲವದು. ಮನೆಗಳು ನಿಂತಿವೆ, ಆದರೆ ಬರಿದಾಗಿವೆ, ಹುಲಿ ಮುಂತಾದ ಕಾಡುಮೃಗಗಳು ಸೇರಿಕೊಂಡಿವೆ ಎಂದು ಫ್ರೆಡರಿಕ್ ದಾಖಲಿಸಿದ. ಹಾಗೆ ಬರೆದವನೇ ಆ ಊರಿನಲ್ಲಿ ಏಳು ತಿಂಗಳು ತಂಗಿದ್ದ. ಅವನ ಕೆಲಸಕ್ಕೆ ಒಂದು ತಿಂಗಳು ಸಾಕಾಗಿತ್ತು. ದಾರಿಯಲ್ಲಿ ಕಳ್ಳರ ಕಾಟವೆಂದು ಉಳಿದುಕೊಂಡ. ಮರಳುವಾಗ ಒಂದೊಂದು ಸೀಮೆಯ ಅಧಿಕಾರಿಯೂ ತನ್ನದೇ ನಾಣ್ಯವನ್ನು ಟಂಕಿಸುತ್ತಿದ್ದುದರಿಂದ, ಇಂದು ಪಡೆದ ಹಣ ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ. ಒಂದು ಸಾಮ್ರಾಜ್ಯ ಬಿರುಕು ಬಿಡುವುದೆಂದರೇನು ಎಂಬುದನ್ನು ಈ ಒಂದು ಮಾತು ಹೇಳುವಷ್ಟು ಯಾವ ಯುದ್ಧವರ್ಣನೆಯೂ ಹೇಳದು.

ನನ್ನ ಪ್ರಶ್ನೆ ಇಷ್ಟೆ. ಏಳು ತಿಂಗಳ ಕಾಲ ಆ ವೆನಿಸಿನವನಿಗೆ ಅನ್ನ ಬೇಯಿಸಿ ಹಾಕಿದವರು ಯಾರು? ಹಾಲು ತಂದವರು ಯಾರು? ಹುಲಿಗಳಂತೂ ಅಲ್ಲ. ಊರು ಪೂರ್ತಿಯಾಗಿ ಬರಿದಾಗಿರಲಿಲ್ಲ. ಅರಮನೆಗಳು ಬರಿದಾದವು, ಅರಸರು ಪೆನುಗೊಂಡೆಗೆ ಹೋದರು; ವಿರೂಪಾಕ್ಷನಿಗೆ ಪೂಜೆ ನಿಲ್ಲಲಿಲ್ಲ. ಗುಡಿಯಲ್ಲಿ ಪೂಜೆ ನಡೆಯಬೇಕಾದರೆ ಅರ್ಚಕರು, ಹೂವಿನವರು, ವಾಲಗದವರು, ಎಣ್ಣೆಯವರು ಇರಲೇಬೇಕು. ಅವರಿಗೆ ಮನೆಗಳು ಬೇಕು.

ಆದರೂ ಮುಂದೆ ಬಂದವರ ಕಣ್ಣಿಗೆ ಬಿದ್ದದ್ದು ಹಾಳು ಹಂಪೆ ಮಾತ್ರ. 1799ರಲ್ಲಿ ಕಾಲಿನ್ ಮೆಕೆಂಜಿ ಇಲ್ಲಿಯ ಮೊದಲ ನಕ್ಷೆಯನ್ನು ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ಮೇಲೆ ಹಂಪಿಯ ಛಾಯಾಚಿತ್ರಗಳನ್ನು ತೆಗೆದ; ಅದ್ಭುತವಾದ ಚಿತ್ರಗಳು ಅವು. ಆದರೆ ಆ ಕಾಲದ ಛಾಯಾಗ್ರಹಣಕ್ಕೆ ಬಹಳ ಹೊತ್ತು ಬೆಳಕು ಬೇಕಾಗಿತ್ತು. ಕಲ್ಲು ಮೂಡುತ್ತಿತ್ತು, ನಡೆದು ಹೋಗುವ ಮನುಷ್ಯ ಮೂಡುತ್ತಿರಲಿಲ್ಲ. ಪಾಯೆಸನ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಶತಮಾನಗಳ ಕಾಲ ಅಜ್ಞಾತವಾಗಿತ್ತು; ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅದನ್ನು ಪ್ರಕಟಿಸಿದ ಮೇಲೆ, ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದು 1900ರಲ್ಲಿ ತನ್ನ ಗ್ರಂಥದಲ್ಲಿ ಸೇರಿಸಿದ. ಆ ಗ್ರಂಥಕ್ಕೆ ಅವನು ಕೊಟ್ಟ ಹೆಸರಿನ ಅರ್ಥ 'ಮರೆತುಹೋದ ಸಾಮ್ರಾಜ್ಯ'. ಸಿವೆಲ್ಲನಿಗೆ ನಾವೆಲ್ಲ ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರೆತವರು ಯಾರು? ಚೈತ್ರದಲ್ಲಿ ವಿರೂಪಾಕ್ಷನ ತೇರು ಎಳೆಯಲು ಇದೇ ಬಜಾರಿಗೆ ಬರುವ ನಮ್ಮ ರೈತರು ಮರೆತಿರಲಿಲ್ಲ.

ನಮ್ಮ ಕಾಲಕ್ಕೆ ಬಂದವರು ಬೆನ್ನಿಗೆ ಚೀಲ ಹಾಕಿಕೊಂಡ ಬಿಳಿಯರು. ಬಸ್ಸು, ರೈಲು, ಬಾಡಿಗೆ ಸೈಕಲ್ಲು, ಹರಿಗೋಲುಗಳಲ್ಲಿ ಅಲೆದು, ಬಂಡೆ ಹತ್ತಿ, ಜ್ವರ ಬಂದರೆ ಮಂಟಪದ ನೆರಳಿನಲ್ಲಿ ಮಲಗಿ ಎದ್ದು ಹೋಗುತ್ತಿದ್ದರು. ನಾವು ಅವರನ್ನು ಹಿಪ್ಪಿಗಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆವು. ಅವರು ನಮ್ಮ ಊರನ್ನು ಕಲ್ಲಿನ ಊರೆಂದರು. ಎರಡೂ ಅರೆ ತಿಳಿವಳಿಕೆ. ಆ ಎರಡರ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ತಿಳಿಸುತ್ತಿದ್ದವರು ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದ ಕುಟುಂಬಗಳು. ಆ ಹುಡುಗ ಚಳಿಗಾಲ ಬಂದರೆ ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದ. ಕೇಳಿದರೆ, ಮನೆಗೆ ಬಂದ ಅತಿಥಿಗಳಿಗೆ ವಿಠ್ಠಲ ಗುಡಿಯ ದಾರಿ ತೋರಿಸಲು ಹೋಗಿದ್ದೆ ಎನ್ನುತ್ತಿದ್ದ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಹತ್ತನೆಯ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ಕರೆತರಲು ನಾನು ಹೋಗಲಿಲ್ಲ.

2011ರ ಜುಲೈ ಕೊನೆಯಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು ತೆರವುಗೊಳಿಸಲಾಯಿತು. ಸ್ಮಾರಕಗಳ ಕಂಬಗಳ ನಡುವೆ ಇಟ್ಟಿಗೆಯ ಗೋಡೆ ಎಬ್ಬಿಸಿ ಸುಣ್ಣ ಬಳಿದಿದ್ದು ಸರಿಯಲ್ಲ ಎಂಬ ವಾದದಲ್ಲಿ ನ್ಯಾಯವಿದೆ. ವಿಶ್ವ ಪರಂಪರೆಯ ತಾಣವೆಂದು 1986ರಲ್ಲಿಯೇ ಮನ್ನಣೆ ಪಡೆದ ಸ್ಥಳವದು. ತಲೆಮಾರುಗಳಿಂದ ಬದುಕಿದ ಬೀದಿಯನ್ನು ಬಿಟ್ಟೆದ್ದವರ ಅಳಲಿನಲ್ಲಿಯೂ ನ್ಯಾಯವಿದೆ. ಈ ವ್ಯಾಜ್ಯವನ್ನು ಬಗೆಹರಿಸುವ ಪಾಂಡಿತ್ಯ ನನಗಿಲ್ಲ. ಇಂದು ಆ ಬೀದಿಯಲ್ಲಿ ನಡೆದರೆ ಎರಡು ಸಾಲು ಖಾಲಿ ಮಂಟಪಗಳು, ಪೂರ್ವದ ತುದಿಯಲ್ಲಿ ಎರಡಂತಸ್ತಿನ ಮಂಟಪ, ಬಸವಣ್ಣ. ಫ್ರೆಡರಿಕ್ ಹೇಳಿದ ಬರಿದಾದ ಮನೆಗಳನ್ನು ಕಾಣುವ ಯೋಗ ನನಗೂ ಬಂದಿತು.

ಕೆಲವು ವರ್ಷಗಳ ಹಿಂದೆ ಕಡ್ಡಿರಾಂಪುರದಲ್ಲಿ ಆ ಹುಡುಗ ಸಿಕ್ಕಿದ. ಈಗ ಹುಡುಗನಲ್ಲ, ತಲೆ ನರೆಯುತ್ತಿರುವ ಗೃಹಸ್ಥ. ಅಲ್ಲಿಯೇ ಮನೆ ಕಟ್ಟಿಕೊಂಡಿದ್ದಾನೆ. ಅವನೇ ನನ್ನನ್ನು ಗುರುತಿಸಿ ಮನೆಗೆ ಕರೆದೊಯ್ದ. ನಾನು ಪಾಯೆಸ್ ಬರೆದುದನ್ನು ಹೇಳಿ, "ಅಂದು ನೀನು ಹೇಳಿದ್ದೇ ಸರಿಯಪ್ಪ, ನಾನು ನಿನ್ನನ್ನು ಕೂಡಿಸಬಾರದಿತ್ತು" ಎಂದೆ. ಅವನಿಗೆ ಮಾತಂಗ ಪರ್ವತದ ಆ ಬೆಳಗು ನೆನಪೇ ಇರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದ್ದು ಮಾತ್ರ ಚೆನ್ನಾಗಿ ನೆನಪಿತ್ತು! ಆಮೇಲೆ ಒಳಗೆ ಹೋಗಿ ಒಂದು ಹಳೆಯ ದಪ್ಪ ನೋಟುಪುಸ್ತಕವನ್ನು ತಂದ. ಅವನ ತಾಯಿ ಅತಿಥಿಗಳಿಂದ ಬರೆಸಿಟ್ಟುಕೊಂಡದ್ದು. ಹಾಳೆ ಹಾಳೆಗೂ ಬೇರೆ ಬೇರೆ ಲಿಪಿಗಳು. ಒಂದೆರಡನ್ನು ನಾನು ಓದಬಲ್ಲವನಾಗಿದ್ದೆ, ಉಳಿದವನ್ನು ಇಲ್ಲ. ಮನೆ ಖಾಲಿ ಮಾಡುವ ದಿನ ಪಾತ್ರೆಗಳಿಗಿಂತ ಮೊದಲು ಇದನ್ನು ಎತ್ತಿಕೊಂಡು ಬಂದಳಂತೆ.

ಆ ನೋಟುಪುಸ್ತಕವನ್ನು ಮುಟ್ಟಿದಾಗ, ಸಿವೆಲ್ಲನ ಗ್ರಂಥವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡಾಗ ಆದುದಕ್ಕಿಂತ ಹೆಚ್ಚಿನ ಗೌರವ ನನ್ನಲ್ಲಿ ಮೂಡಿತು. ಅಬ್ದುಲ್ ರಜಾಕನಿಗೆ ಗುಲಾಬಿ ಮಾರಿದವರು, ಫ್ರೆಡರಿಕನಿಗೆ ಅನ್ನ ಹಾಕಿದವರು ಏನನ್ನೂ ಬರೆದಿಡಲಿಲ್ಲ, ಅಥವಾ ಬರೆದದ್ದು ಉಳಿಯಲಿಲ್ಲ. ಬಂದವರ ಮಾತಷ್ಟೇ ನಮಗೆ ಇತಿಹಾಸವಾಯಿತು. ಬರಮಾಡಿಕೊಂಡವರ ಕಡೆಯ ಸಾಕ್ಷಿ ನನ್ನ ಕಣ್ಣಿಗೆ ಬಿದ್ದದ್ದು ಅಂದೇ ಮೊದಲು.

ಆದುದರಿಂದ ನಿಮ್ಮ ಮೇಷ್ಟ್ರ ಕಡೆಯಿಂದ ಕೊನೆಯದೊಂದು ಮನೆಗೆಲಸ. ನಿಮ್ಮಲ್ಲಿ ಬಜಾರಿನಲ್ಲಿ ಬೆಳೆದವರು ನಾಲ್ಕಾರು ಮಂದಿ ಇದ್ದೀರಿ. ಹೊಸಪೇಟೆ, ಕಮಲಾಪುರ, ಆನೆಗೊಂದಿ, ಕಂಪ್ಲಿಗಳಲ್ಲಿ ಪರಸ್ಥಳದವರನ್ನು ಮನೆಯಲ್ಲಿ ಇಳಿಸಿಕೊಂಡವರೂ ಇದ್ದೀರಿ. ನಿಮ್ಮ ಮನೆ ಯಾವ ಮಂಟಪದಲ್ಲಿತ್ತು, ಎಷ್ಟನೆಯ ಕಂಬದಿಂದ ಎಷ್ಟನೆಯ ಕಂಬದವರೆಗೆ, ಯಾರು ಬಂದು ಉಳಿದರು, ನಿಮ್ಮ ತಾಯಂದಿರು ಅವರಿಗೆ ಏನು ಬಡಿಸಿದರು, ಇದೆಲ್ಲವನ್ನೂ ಇಸವಿಯೊಡನೆ ಒಂದೆರಡು ಪುಟ ಬರೆದಿಡಿ. ಅಕ್ಷರ ದುಂಡಾಗಿಲ್ಲದಿದ್ದರೂ ಚಿಂತೆಯಿಲ್ಲ, ಈ ಸಲ ಅಂಕ ಕಳೆಯುವುದಿಲ್ಲ. ಇತಿಹಾಸವಲ್ಲವೆಂದು ಯಾರನ್ನೂ ಕೂಡಿಸುವುದೂ ಇಲ್ಲ.

ಎಲ್ಲರಿಗೂ ವಿರೂಪಾಕ್ಷನು ಒಳ್ಳೆಯದನ್ನು ಮಾಡಲಿ.